ಪಂಪಿನ ಮೈಮೇಲೆ ಅಳಿಯದ ವಿಭೂತಿ

“ಮುಟ್ಬೇಡಿ ಅಮ್ಮಾ!”

ಪೊನ್ನರಸಿ ಚಾಚಿದ ಕೈಯನ್ನು ಹಾಗೇ ಹಿಂದಕ್ಕೆಳೆದುಕೊಂಡಳು.

“ಯಾಕಪ್ಪಾ, ಕರೆಂಟ್ ಹೊಡೆಯುತ್ತಾ?”

“ಕರೆಂಟಲ್ಲಮ್ಮಾ...” ಪಂಪ್ ನೋಡಿಕೊಳ್ಳುವ ಸಡೈಯನ್ ಹೆಗಲ ಟವೆಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಗದ್ದದಲ್ಲೇ ಪಂಪಿನ ಕಡೆ ತೋರಿಸಿದ. “ಪೂಜೆ ಮಾಡಿರೋದು. ವಿಭೂತಿ ಅಳಿಸಿ ಹೋದೀತು ಅಂತ.”

ಹಿಂದೆ ನಿಂತಿದ್ದ ಸೆನ್ನಿಯಪ್ಪನ್ ಹೊಟ್ಟೆ ಕುಲುಕಿಸಿ ನಕ್ಕರು. ಕೊಂಡಲ್ ನಿಟ್ಸ್ ಎಂಬ ಈ ಬನಿಯನ್ ಸಾಮ್ರಾಜ್ಯದ ಧಣಿ, ಇಲ್ಲಿನವರ ಬಾಯಲ್ಲಿ ಮೊದಲಾಳಿ, ಅವರು. ಅವರು ನಕ್ಕರೆ ಸುತ್ತ ನಿಂತವರೂ ನಗಬೇಕು, ತಿರುಪ್ಪೂರಿನಲ್ಲಿ ಅದು ರೂಢಿ.

“ನೋಡಿದ್ರಾ ಅಮ್ಮಿಣಿ? ನಮ್ಮ ಆಳುಗಳಿಗೆ ಯಂತ್ರ ಅಂದ್ರೆ ದೇವರು. ಇದನ್ನೂ ಬರ್ಕೊಳಿ ನಿಮ್ಮ ಸಂಶೋಧನೇಲಿ. ಇದಕ್ಕೂ ಒಂದೆರಡು ಮಾರ್ಕು ಹಾಕಿ.”

ಪೊನ್ನರಸಿಯೂ ನಕ್ಕಳು. ನಗು ತುಟಿಯಿಂದ ಒಳಗಿಳಿಯಲಿಲ್ಲ.

ಈ ಪಂಪಿನ ಪಕ್ಕದ ತೊಟ್ಟಿಯಲ್ಲೇ ಹೋದ ವಾರ ಎಂಜಿನಿಯರ್ ಆದವನ್‌ನ ಹೆಣ ತೇಲಿದ್ದು. ಓಡುವ ಪಂಪಿಗೆ ಅವನ ಟವೆಲು ಸಿಕ್ಕಿಕೊಂಡು, ಪಂಪು ಅವನನ್ನು ಸುತ್ತಿ ನೀರಿಗೆ ಎಸೆಯಿತೆಂದು ಪೊಲೀಸರು ಬರೆದುಕೊಂಡಿದ್ದರು. ಸಾಯಂಕಾಲದೊಳಗೆ ಆ ಕಡತ ಮುಚ್ಚಿ ದಾರ ಬೀಳುವುದಿತ್ತು. ಬಿದ್ದ ಮೇಲೆ ಅಷ್ಟೆ: ತನ್ನ ಬೇಜವಾಬ್ದಾರಿಯಿಂದ ತಾನೇ ಸತ್ತವನು ಆದವನ್. ಅವನ ಹೆಂಡತಿ ವೆಣ್ಣಿಲಾಗೆ ಏಳು ತಿಂಗಳು. ಹುಟ್ಟುವ ಮಗು ಅಪ್ಪನ ಬಗ್ಗೆ ಕೇಳಬೇಕಾದದ್ದು ಇದೊಂದೇ ಮಾತು.

ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಹೇಳುವ ಪ್ರೊಫೆಸರಿಗೆ ಹೆಣದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಪೊನ್ನರಸಿಯ ಗಂಡನೂ ಬೆಳಗ್ಗೆ ಅದನ್ನೇ ಕೇಳಿದ್ದ, ಇಡ್ಲಿ ಬಾಯಲ್ಲಿಟ್ಟುಕೊಂಡೇ. ಅವಳು ಉತ್ತರ ಕೊಡದೆ ಕಾರಿನ ಕೀಲಿ ತೆಗೆದುಕೊಂಡಿದ್ದಳು.

ದೊಡ್ಡ ಕಂಪನಿಗಳು ವರ್ಷಕ್ಕೊಂದು ವರದಿ ಹೊರಡಿಸುತ್ತವೆ. ನೀರಿಗೇನು ಮಾಡಿದೆವು, ಗಾಳಿಗೇನು ಮಾಡಿದೆವು, ಕೆಲಸದ ಹೆಣ್ಣುಮಕ್ಕಳನ್ನು ಹೇಗೆ ನೋಡಿಕೊಂಡೆವು ಎಂದು ತಾವೇ ತಮ್ಮ ಬಗ್ಗೆ ಹೇಳಿಕೊಳ್ಳುವ, ನುಣುಪು ಕಾಗದದ, ಹಸಿರು ಬಣ್ಣದ ವರದಿ. ಸುಸ್ಥಿರತೆ ವರದಿ ಅಂತ ಹೆಸರು. ಪೊನ್ನರಸಿ ಅಂಥವನ್ನು ರಾಶಿ ರಾಶಿ ಓದಿದ್ದಳು. ಹೇಳಿಕೊಂಡದ್ದಕ್ಕೂ ನಡೆದುಕೊಂಡದ್ದಕ್ಕೂ ನಡುವೆ ಎಷ್ಟು ದೂರ ಎಂದು ಅಳೆಯುವುದೇ ಅವಳ ಸಂಶೋಧನೆ. ಕೊಂಡಲ್ ನಿಟ್ಸ್ ಆ ಅಳತೆಯಲ್ಲಿ ಎಲ್ಲರಿಗಿಂತ ಮೇಲೆ ಬಂದಿತ್ತು. ಬಣ್ಣ ಹಾಕಿದ ನೀರನ್ನು ಒಂದು ಹನಿಯೂ ಹೊರಗೆ ಬಿಡದೆ ಶುದ್ಧ ಮಾಡಿ ತಾವೇ ಬಳಸುತ್ತೇವೆ, ನಮ್ಮ ಪಂಪುಗಳು ವರ್ಷದಲ್ಲಿ ಒಂದು ದಿನವೂ ನಿಂತಿಲ್ಲ ಎಂದು ಬರೆದುಕೊಂಡಿತ್ತು.

ಆ ನೀರಿನ ಅಂಕಿ ಬರೆಯುತ್ತಿದ್ದವನೇ ಆದವನ್. ಅವನೊಮ್ಮೆ ಅವಳ ಭಾಷಣ ಮುಗಿದ ಮೇಲೆ ಹಿಂದೆ ಹಿಂದೆ ಬಂದು, “ಮೇಡಂ, ವರದೀಲಿ ಬರೀದೇ ಇರೋದಕ್ಕೆ ನಿಮ್ಮ ಲೆಕ್ಕದಲ್ಲಿ ಜಾಗ ಇದೆಯಾ?” ಎಂದು ಕೇಳಿದ್ದ. ಬಿಡುವಾಗಿ ಮಾತಾಡೋಣ ಬಾ ಎಂದಿದ್ದಳು. ಬರುವ ಮೊದಲೇ ತೊಟ್ಟಿಯಲ್ಲಿ ತೇಲಿದ.

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿಲ್ಲ.

“ಪಂಪ್ ಇವತ್ತು ನಿಂತಿದೆಯಲ್ಲಾ?” ಎಂದಳು, ಏನೂ ಅಲ್ಲವೆಂಬಂತೆ.

“ನಿಮಗೋಸ್ಕರ ನಿಲ್ಸಿದ್ದು. ಓಡ್ತಿದ್ರೆ ಆ ಸದ್ದಲ್ಲಿ ನಾನು ಹೇಳೋದು ನಿಮಗೆ ಕೇಳಲ್ಲ, ನೀವು ಕೇಳೋದು ನನಗೆ ಬೇಡ!” ಸೆನ್ನಿಯಪ್ಪನ್ ಮತ್ತೆ ನಕ್ಕರು. ಸಡೈಯನ್ ನಗಲಿಲ್ಲ.

“ಆ ದುರ್ಘಟನೆ ಆದ್ಮೇಲೆ?”

“ಮಾರನೇ ದಿನದಿಂದ್ಲೇ ಹಾಕಿದೀವಿ. ಬಣ್ಣದ ನೀರು ಸಾವು ನೋವು ಅಂತ ನಿಲ್ಲುತ್ತಾ ಅಮ್ಮಿಣಿ? ಬರ್ತಾನೇ ಇರುತ್ತೆ. ದಿನಾ ಓಡ್ಲೇಬೇಕು.”

“ಅದಕ್ಕೆ ಮುಂಚೆ?”

“ಮುಂಚೇನೂ ದಿನಾ. ನಮ್ಮ ವರದೀಲಿ ಇದೆಯಲ್ಲ, ನೀವೇ ಓದಿ ಮಾರ್ಕು ಕೊಟ್ಟಿದೀರಿ.”

“ಬೇರಿಂಗು ಗೀರಿಂಗು ಯಾವಾಗ ಬದಲಾಯಿಸಿದ್ರಿ?”

“ಕೆಡದೇ ಇರೋದನ್ನ ಯಾಕೆ ಬದಲಾಯಿಸೋದು?”

ಪೊನ್ನರಸಿ ತಲೆಯಾಡಿಸಿದಳು. ತರಗತಿಯಲ್ಲಿ ಅವಳು ಮಕ್ಕಳಿಗೆ ಮತ್ತೆ ಮತ್ತೆ ಹೇಳುವ ಮಾತಿತ್ತು: ಯಾವ ವರ್ಷವೂ ಏನೂ ಕೆಡದ ಕಾರ್ಖಾನೆ ಭೂಮಿಯ ಮೇಲಿಲ್ಲ, ವರದಿಯಲ್ಲಿ ಮಾತ್ರ ಇರುತ್ತದೆ. ಕೆಟ್ಟದ್ದನ್ನು ಬರೆದವನನ್ನು ನಂಬಿ, ಕೆಡಲೇ ಇಲ್ಲ ಅಂದವನ ಮನೆಯ ಹಿತ್ತಿಲು ನೋಡಿ.

ಈಗ ಅವಳು ಹಿತ್ತಿಲಲ್ಲೇ ನಿಂತಿದ್ದಳು. ಆದರೆ ಹಿತ್ತಿಲನ್ನು ತೊಳೆದು ಇಟ್ಟಿದ್ದರು. ನೆಲ ಉಜ್ಜಿದ್ದರು. ಕಂಬಿಗಳಿಗೆ ಹಸಿರು ಬಣ್ಣ ಬಿದ್ದು ಇನ್ನೂ ವಾಸನೆ ಹೊಡೆಯುತ್ತಿತ್ತು. ಗೋಡೆಗುಂಟ ಕ್ರೋಟನ್ ಗಿಡದ ಕುಂಡಗಳು, ನಿನ್ನೆ ತಂದವೇ ಇರಬೇಕು, ನರ್ಸರಿಯ ಚೀಟಿ ಕೂಡ ಕಿತ್ತಿರಲಿಲ್ಲ. ತೊಟ್ಟಿಯ ನೀರು ಮಾತ್ರ ಕದಲದೆ ಮಲಗಿತ್ತು. ಅದರ ಮೇಲೆ ಆರಿದ ಹಾಲಿನ ಮೇಲಿನ ಹಾಗೆ ಒಂದು ಕೆನೆ.

ದಿನಾ ಓಡುವ ಪಂಪಿನ ತೊಟ್ಟಿಯಲ್ಲಿ ಕೆನೆ ಕಟ್ಟುತ್ತದೆಯೇ? ಬೆಳಗಿನಿಂದ ನಿಂತಿದ್ದರೆ ಕಟ್ಟಿದರೂ ಕಟ್ಟೀತು. ಅವಳೇನು ಎಂಜಿನಿಯರಲ್ಲ. ಇದು ಹಿಡಿದು ವಾದ ಮಾಡುವಂಥದ್ದಲ್ಲ.

ಆದರೂ ಏನೋ ಒಂದು ಕಣ್ಣಿಗೆ ಬಿದ್ದು, ಮನಸ್ಸಿಗೆ ಬೀಳದೆ, ಕಾಲಿಗೆ ಹೊಕ್ಕ ಮುಳ್ಳಿನ ಹಾಗೆ ಒಳಗೇ ಕುಟುಕುತ್ತಿತ್ತು. ಏನದು?

“ಟವೆಲು ಎಲ್ಲಿ ಸಿಕ್ಕಿಕೊಂಡಿದ್ದು, ತೋರಿಸ್ತೀರಾ?” ಎಂದಳು.

ಸೆನ್ನಿಯಪ್ಪನ್‌ರ ಮುಖದಿಂದ ನಗು ಇಳಿಯಿತು. “ಅದೆಲ್ಲ ನಿಮ್ಮ ವಿಷಯಕ್ಕೆ ಬೇಕಾ?”

“ಕೆಲಸಗಾರರ ಸುರಕ್ಷತೆ ಅಂತ ನಿಮ್ಮ ವರದೀಲೇ ಒಂದು ಅಧ್ಯಾಯ ಇದೆ. ಮುಂದಿನ ವರ್ಷ ಅದರಲ್ಲಿ ಈ ಸಾವೂ ಬರಬೇಕಲ್ಲ. ನಾನು ಹೇಗೆ ಓದಬೇಕು ಅಂತ ತಿಳ್ಕೊತೀನಿ.”

ಮೊದಲಾಳಿ ಪಂಚೆ ಎತ್ತಿ ಹಿಡಿದು ಪಂಪಿನ ಬಳಿ ಬಗ್ಗಿದರು. ಒಂದು ಕಡೆ ಮೋಟಾರು, ಇನ್ನೊಂದು ಕಡೆ ಪಂಪು, ಎರಡನ್ನೂ ಸೇರಿಸಿ ತಿರುಗುವ ತೋಳುಗಾತ್ರದ ಉಕ್ಕಿನ ದಂಡ. ಅದರ ಮೇಲಿನ ತಗಡಿನ ಮುಚ್ಚಳ ಬಿಚ್ಚಿಟ್ಟಿತ್ತು.

“ಇಲ್ಲಿ. ಮುಚ್ಚಳ ಹಾಕ್ಬೇಕಿತ್ತು, ಅವನು ಹಾಕಿರ್ಲಿಲ್ಲ. ಬಗ್ಗಿದಾನೆ. ಟವೆಲು ಇಲ್ಲಿ ಸುತ್ಕೊಂಡಿದೆ.” ಅವರ ಉಂಗುರದ ಬೆರಳು ದಂಡದ ಮೇಲೆ ಗಾಳಿಯಲ್ಲೇ ಒಂದು ಸುತ್ತು ಹಾಕಿತು. ದಂಡವನ್ನು ಮುಟ್ಟಲಿಲ್ಲ. ಮುಟ್ಟದಂತೆ ಎಚ್ಚರ ವಹಿಸಿತು.

ಯಾಕೆಂದರೆ ಅಲ್ಲಿ ವಿಭೂತಿ ಇತ್ತು.

ಪೊನ್ನರಸಿ ಒಂದು ಹೆಜ್ಜೆ ಹತ್ತಿರ ಹೋದಳು.

ಮೂರು ಬೆರಳಿನಲ್ಲಿ ಎಳೆದ ಮೂರು ಪಟ್ಟೆ. ನಡುವೆ ಗಂಧದ ಬೊಟ್ಟು, ಅದರ ಮೇಲೆ ಕುಂಕುಮ. ಎಳೆದವನ ಕೈ ಧಾರಾಳದ್ದು. ಪಟ್ಟೆಗಳು ಮೋಟಾರಿನ ಮೈಮೇಲೆ ಶುರುವಾಗಿ, ದಂಡದ ಮೇಲೆ ಹಾದು, ಆಚೆ ಪಂಪಿನ ಮೈಮೇಲೆ ಹೋಗಿ ಮುಗಿದಿದ್ದವು. ಕೂತಿರುವ ಕಬ್ಬಿಣದಿಂದ ತಿರುಗುವ ಕಬ್ಬಿಣಕ್ಕೆ, ಅಲ್ಲಿಂದ ಮತ್ತೆ ಕೂತಿರುವ ಕಬ್ಬಿಣಕ್ಕೆ. ಎಲ್ಲೂ ತುಂಡಾಗಿರಲಿಲ್ಲ. ಗೆರೆಗೆ ಗೆರೆ ಕೂಡಿಕೊಂಡೇ ಇತ್ತು.

ದಂಡ ಅರ್ಧ ಸುತ್ತು ತಿರುಗಿದ್ದರೂ ಆ ಗೆರೆ ಉಳಿಯುವಂತಿರಲಿಲ್ಲ.

ಮೊನ್ನೆ ಶುಕ್ರವಾರ ಹಚ್ಚಿದ್ದಿರಬಹುದಲ್ಲ ಎಂದು ಅವಳೊಳಗಿನ ಮೇಷ್ಟರು ಕೂಡಲೇ ತಕರಾರು ತೆಗೆದರು. ಅವಳು ಚಪ್ಪಲಿಯ ಪಟ್ಟಿ ಸರಿಮಾಡುವ ನೆಪದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಗಂಧ ಒಣಗಿ ಬಿರುಕು ಬಿಟ್ಟಿತ್ತು. ಅದಕ್ಕೊಂದು ಚೆಂಡುಹೂವಿನ ಎಸಳು ಅಂಟಿಕೊಂಡು ಕಂದಿ ಕರ್ರಗಾಗಿತ್ತು. ಮತ್ತೆ ದಂಡದ ಕೆಳಗಿನ ಸಂದಿಯಲ್ಲಿ, ಪೊರಕೆ ತಲುಪದ ಕಡೆ, ನಾಲ್ಕಾರು ಕಾಳು ಪುರಿ. ಮಂಡಕ್ಕಿ.

ಪುರಿ!

ಶುಕ್ರವಾರದ ಪೂಜೆಗೆ ಕಾರ್ಖಾನೆಯಲ್ಲಿ ಯಾರೂ ಪುರಿ ಹಂಚುವುದಿಲ್ಲ. ಪುರಿ, ಹುರಿಗಡಲೆ, ಬೆಲ್ಲ ಬರುವುದು ಆಯುಧಪೂಜೆಗೆ. ಅವತ್ತು ಊರಿನ ಅಷ್ಟೂ ಯಂತ್ರಗಳು ನಿಲ್ಲುತ್ತವೆ, ವಿಭೂತಿ ಬಳಿದುಕೊಳ್ಳುತ್ತವೆ, ಹೂ ಮುಡಿಯುತ್ತವೆ. ಬೂದುಗುಂಬಳ ಒಡೆದು ಮಾರನೇ ದಿನ ಗುಂಡಿ ಒತ್ತುತ್ತಾರೆ.

ಈ ಪಂಪಿನ ಗುಂಡಿಯನ್ನು ಮಾತ್ರ ಯಾರೂ ಒತ್ತಿರಲಿಲ್ಲ. ಆಗ ಐಪ್ಪಸಿ, ಮಳೆಯ ತಿಂಗಳು. ಈಗ ಮಾಸಿಯ ಬಿಸಿಲು, ನಡುವೆ ನಾಲ್ಕು ತಿಂಗಳು.

ನೆಲ ತೊಳೆದರು, ಕಂಬಿಗೆ ಬಣ್ಣ ಬಳಿದರು, ಕುಂಡ ತಂದಿಟ್ಟರು. ಎಲ್ಲ ಮಾಡಿದವರು ವಿಭೂತಿಯ ಮೇಲೆ ಒದ್ದೆ ಬಟ್ಟೆ ಆಡಿಸಲಿಲ್ಲ. ಯಾರು ಆಡಿಸುತ್ತಾರೆ? ಯಾರ ಕೈ ಬರುತ್ತದೆ? ಮೊದಲಾಳಿಗೆ ಅದು ಕಾಣಲೂ ಇಲ್ಲ. ಹೆಂಡತಿಯ ಹಣೆಯ ಕುಂಕುಮ ಗಂಡನಿಗೆ ಎಲ್ಲಿ ಕಾಣುತ್ತದೆ, ಇಲ್ಲದಿದ್ದಾಗ ತಾನೇ ಕಾಣುವುದು.

ಹಾಗಾದರೆ ಆದವನ್ ಈ ಪಂಪಿನಿಂದ ಸಾಯಲಿಲ್ಲ. ಸಾಯುವುದು ಸಾಧ್ಯವೇ ಇರಲಿಲ್ಲ. ವರದಿಯಲ್ಲಿ ಬರೆಯದೆ ಬಿಟ್ಟದ್ದು ಎಂದು ಅವನು ಹೇಳಹೊರಟದ್ದು ಈ ನಿಂತ ಪಂಪನ್ನೇ, ಶುದ್ಧವಾಗದೆ ಹೊರಗೆ ಹೋದ ನೀರನ್ನೇ ಇರಬೇಕು.

ಪೊನ್ನರಸಿ ಎದ್ದಳು. ಕೈ ತಾನಾಗಿ ಚೀಲಕ್ಕೆ ಹೋಯಿತು, ಬರಿಗೈ ವಾಪಸು ಬಂತು. ಫೋನನ್ನು ಗೇಟಿನಲ್ಲಿ ಇಟ್ಟುಕೊಂಡು ಬಿಲ್ಲೆ ಕೊಟ್ಟಿದ್ದರು. ಒಳಗೆ ಬರುವವರೆಲ್ಲರಿಗೂ ಅದೇ ಕಟ್ಟಳೆ.

“ಏನಾಯ್ತು ಅಮ್ಮಿಣಿ? ಮುಖ ಬೆವರ್ತಿದೆ.”

“ಬಿಸಿಲು.”

“ನೆರಳಲ್ಲಿ ಬಿಸಿಲಾ?” ಸೆನ್ನಿಯಪ್ಪನ್ ಹತ್ತಿರ ಬಂದರು. ದನಿ ತಗ್ಗಿತು. “ಒಂದು ಮಾತು ಕೇಳ್ಬೇಕಿತ್ತು. ಆ ಹುಡುಗಿ ವೆಣ್ಣಿಲಾ ಎಲ್ಲಿದಾಳೆ?”

“ನನಗೇನು ಗೊತ್ತು? ನಿಮ್ಮ ಕ್ವಾರ್ಟರ್ಸ್‌ನಲ್ಲಿ ಇರಬೇಕು.”

“ಬೆಳಗ್ಗೆಯಿಂದ ಬೀಗ. ಅವಳದ್ದೊಂದು ಸಹಿ ಬೇಕಿತ್ತು ಪೊಲೀಸರಿಗೆ, ಗಂಡನಿಗೆ ಕುಡಿಯೋ ಚಟ ಇತ್ತು ಅಂತ. ಸಹಿ ಹಾಕಿದ್ರೆ ಅವಳಿಗೂ ಒಳ್ಳೇದು, ಮಗೂಗೂ ಒಳ್ಳೇದು. ಯಾರದೋ ಕಾರಲ್ಲಿ ಹೋದ್ಲು ಅಂತ ವಾಚ್‌ಮನ್ ಹೇಳ್ದ. ಬಿಳೀ ಕಾರಂತೆ.” ಅವರು ಗೇಟಿನ ಕಡೆ ನೋಡಿದರು. “ನಿಮ್ಮದು ಯಾವ ಬಣ್ಣ ಅಮ್ಮಿಣಿ?”

“ತಿರುಪ್ಪೂರಲ್ಲಿ ಬಿಳೀದಲ್ಲದ ಕಾರು ಯಾವುದಿದೆ ಮೊದಲಾಳಿ? ನಿಮ್ಮದೂ ಬಿಳೀದೇ ಅಲ್ವಾ?”

“ನೀವು ಲೆಕ್ಕದ ಟೀಚರು. ಲೆಕ್ಕ ನೋಡಿ. ಹೆಣ ನೋಡೋಕೆ ಬೇರೆಯವರಿದಾರೆ.”

“ಲೆಕ್ಕಾನೇ ನೋಡ್ತಿರೋದು. ತಾಳೆ ಆಗ್ತಿಲ್ಲ, ಅದಕ್ಕೆ ಬೆವರು.”

“ನಮ್ಮನ್ನ ಎತ್ತಿ ಮೇಲೆ ಕೂರಿಸಿದ್ದು ನೀವೇ. ನೆನಪಿರಲಿ. ನಾವು ಕೆಳಗೆ ಬಿದ್ರೆ ನಿಮ್ಮ ಸಂಶೋಧನೇನೂ ನಮ್ಮ ಜೊತೇಲೇ ಬೀಳುತ್ತೆ. ನಾಳೆ ಯಾವ ಕಾಲೇಜಲ್ಲಿ ನಿಂತು ಪಾಠ ಹೇಳ್ತೀರಿ?”

“ಬಿದ್ರೆ ಬೀಳ್ಲಿ,” ಎಂದಳು ಪೊನ್ನರಸಿ. ಹೇಳಿಬಿಟ್ಟ ಮೇಲೆ ಅವಳಿಗೇ ಅದು ಬೇರೆ ಯಾರದೋ ದನಿಯಂತೆ ಕೇಳಿತು.

ಸಡೈಯನ್ ನೆಲ ನೋಡುತ್ತ ನಿಂತಿದ್ದ.

*

ಗೇಟಿನಾಚೆ ಬೇವಿನ ಮರದಡಿ ಎಳನೀರಿನವನ ಗಾಡಿ. ಪೊನ್ನರಸಿ ಒಂದು ಎಳನೀರು ಕೆತ್ತಿಸಿಕೊಂಡಳು, ಕುಡಿಯುವುದನ್ನು ಮರೆತಳು.

ಬೆಳಗ್ಗೆ ವೆಣ್ಣಿಲಾಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿದ್ದು ಅವಳೇ. ದಾರಿಯುದ್ದಕ್ಕೂ ಆ ಹುಡುಗಿ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಒಂದೇ ಕಥೆಯನ್ನು ತಿರುಗಿಸಿ ತಿರುಗಿಸಿ ಹೇಳಿದ್ದಳು.

“ಅವತ್ತು ಸಾಯಂಕಾಲ ಫೋನ್ ಬಂದಾಗ ಅವರು ಸ್ನಾನಕ್ಕೆ ಹೋಗಿದ್ರು ಅಕ್ಕಾ. ನಾನೇ ಎತ್ತಿದೆ. ‘ಆದವನ್ ಇದಾನೇನಮ್ಮಾ’ ಅಂದ್ರು, ಅಷ್ಟೇ. ವಯಸ್ಸಾದವರ ದನಿ. ಇವರು ಮಾತಾಡಿ ಬಂದು ಎಷ್ಟು ಖುಷಿಯಾಗಿದ್ರು ಗೊತ್ತಾ? ‘ದೊಡ್ಡವರೊಬ್ರು ಬರ್ತಿದಾರೆ, ಎಲ್ಲಾ ಅವರಿಗೆ ಹೇಳ್ಬಿಡ್ತೀನಿ, ಇನ್ನು ಭಯ ಇಲ್ಲ’ ಅಂದ್ರು. ಹೊಸ ಟವೆಲು ಹಾಕ್ಕೊಂಡು ಹೋದ್ರು. ಆ ದನಿ ಇನ್ನೊಂದ್ಸಲ ಕೇಳಿದ್ರೆ ನಾನು ಗುರುತು ಹಿಡೀತೀನಿ ಅಕ್ಕಾ. ನಿದ್ದೇಲೂ ಹಿಡೀತೀನಿ.”

ಆದವನ್‌ನ ಫೋನು ಸಿಕ್ಕಿರಲಿಲ್ಲ. ಆ ದೊಡ್ಡವರು ಸೆನ್ನಿಯಪ್ಪನ್ನೇ ಎಂದು ಪೊನ್ನರಸಿಯ ಲೆಕ್ಕ. ಅವರ ದನಿಯನ್ನು ಫೋನಿನಲ್ಲಿ ಹಿಡಿದು ವೆಣ್ಣಿಲಾಗೆ ಕೇಳಿಸಬೇಕೆಂದಿದ್ದಳು. ಗೇಟಿನವನು ಅದಕ್ಕೂ ಕಲ್ಲು ಹಾಕಿದ್ದ.

ಇರಲಿ. ಹುಡುಗಿ ಭದ್ರವಾಗಿದ್ದಾಳೆ. ಅವಿನಾಶಿಯಲ್ಲಿ, ಅಂಬಲವಾಣನ್ ಐಯಾ ಅವರ ಮನೆಯಲ್ಲಿ.

ಐಯಾ ಪೊನ್ನರಸಿಗೆ ಜಮಾ-ಖರ್ಚಿನ ಮೊದಲ ಅಕ್ಷರ ಕಲಿಸಿದ ಗುರು. ನಿವೃತ್ತರಾಗಿ ವರ್ಷಗಳಾದವು. ಈಗಲೂ ಕಂಪನಿಗಳ ಸುಸ್ಥಿರತೆ ವರದಿಯ ಕೊನೆಯ ಪುಟದಲ್ಲಿ, ‘ಇದನ್ನು ಸ್ವತಂತ್ರವಾಗಿ ಪರಿಶೀಲಿಸಿ ಸರಿಯೆಂದು ಕಂಡಿದ್ದೇನೆ’ ಎಂದು ಅವರ ಸಹಿ ಬಿದ್ದರೆ ಪರದೇಶದ ಗಿರಾಕಿಗಳು ಕಣ್ಣು ಮುಚ್ಚಿಕೊಂಡು ನಂಬುತ್ತಾರೆ. ಕೊಂಡಲ್‌ನ ವರದಿಯಲ್ಲೂ ಅವರದ್ದೇ ಸಹಿ. ಬೆಳಗ್ಗೆ ಅವಳು ವೆಣ್ಣಿಲಾಳನ್ನು ಇಳಿಸಿದಾಗ ಐಯಾ ಪೇರೂರು ದೇವಸ್ಥಾನಕ್ಕೆ ಹೋಗಿದ್ದರು. ಅಡುಗೆಯ ಪಳನಾತ್ತಾ ಬಾಗಿಲು ತೆಗೆದು, ಹುಡುಗಿಯನ್ನು ಒಳಗೆ ಕರೆದುಕೊಂಡು, ಬಿಸಿ ಸಂದಗೈ ಶಾವಿಗೆ ಬಡಿಸುತ್ತೇನೆಂದಿದ್ದಳು.

ಪಾಪ, ಐಯಾಗೂ ಮೋಸ ಮಾಡಿದ್ದಾರೆ ಈ ಜನ! ಅವಳು ಫೋನ್ ಹಚ್ಚಿದಳು.

“ಹೇಳು ಕಣ್ಣು.” ಮಗಳನ್ನು ಕರೆಯುವ ಹಾಗೆ ಅವಳನ್ನು ‘ಕಣ್ಣು’ ಎಂದೇ ಕರೆಯುವ ಅದೇ ಮೆತ್ತಗಿನ ದನಿ. ಕೇಳಿದ್ದೇ ಅವಳ ಎದೆಬಡಿತ ಅರ್ಧ ತಗ್ಗಿತು.

“ಐಯಾ, ಕೊಂಡಲ್‌ನ ಶುದ್ಧೀಕರಣದ ಪಂಪ್ ಓಡೋದನ್ನ ನೀವು ಕಣ್ಣಾರೆ ನೋಡಿದ್ರಾ?”

“ನೋಡದೆ ಸಹಿ ಹಾಕ್ತೀನಾ? ಪೊಂಗಲ್ ಆದ್ಮೇಲೆ ಹೋಗಿದ್ದೆ. ಏನು ಸದ್ದು ಅಂತೀಯಾ, ಎರಡು ದಿನ ಕಿವಿ ಗುಂಯ್ ಅಂತಿತ್ತು.”

“ನಿಮಗೆ ಬೇರೆ ಯಾವುದೋ ಪಂಪ್ ತೋರಿಸಿದಾರೆ ಐಯಾ. ಇದು ಆಯುಧಪೂಜೆಯಿಂದ ಓಡೇ ಇಲ್ಲ.” ಅವಳು ಒಂದೇ ಉಸಿರಿಗೆ ಹೇಳಿದಳು: ದಂಡದ ಮೇಲಿನ ವಿಭೂತಿ, ಕೂಡಿಕೊಂಡ ಗೆರೆ, ಪುರಿ.

ಆ ಕಡೆ ಬಸ್ಸಿನ ಹಾರನ್ನು ಕೇಳಿಸಿತು. ಐಯಾ ದಾರಿಯಲ್ಲಿದ್ದರು.

“ಎಂಥಾ ಕಣ್ಣು ನಿಂದು,” ಎಂದರು ಕೊನೆಗೆ. “ಇಷ್ಟು ವರ್ಷ ಪಾಠ ಹೇಳಿದ್ದಕ್ಕೂ ಸಾರ್ಥಕ ಆಯ್ತು. ಇನ್ಸ್‌ಪೆಕ್ಟರಿಗೆ ಹೇಳಿದ್ಯಾ?”

“ಇಲ್ಲ. ಬಾಯಿಮಾತಲ್ಲಿ ಹೇಳಿದ್ರೆ ನಗ್ತಾನೆ. ಕರ್ಕೊಂಡು ಬಂದು ತೋರಿಸ್ತೀನಿ.”

“ಹಾಗೇ ಮಾಡು. ಆದ್ರೆ ಹೊಟ್ಟೆಗೇನಾದ್ರೂ ಹಾಕ್ಕೊಂಡು ಹೋಗು ಕಣ್ಣು. ಹಸಿದು ಮಾತಾಡಿದ್ರೆ ದನಿ ನಡುಗುತ್ತೆ, ಪೊಲೀಸಿನವರಿಗೆ ಅದು ಸುಳ್ಳಿನ ಹಾಗೆ ಕೇಳುತ್ತೆ. ಪಂಪೇನು ಎದ್ದು ಓಡಿ ಹೋಗುತ್ತಾ?”

ನಿಜ ಅನ್ನಿಸಿತು. ಬಸ್‌ಸ್ಟ್ಯಾಂಡಿನ ಎದುರಿನ ಮೆಸ್ಸಿನಲ್ಲಿ ಎಲೆಯ ಮುಂದೆ ಕೂತು ನಾಲ್ಕು ತುತ್ತು ನುಂಗಿದಳು. ಎಲೆ ಮಡಿಚಿ ಎದ್ದಳು.

*

ಇನ್ಸ್‌ಪೆಕ್ಟರ್ ಮರುದಾಚಲಂ ಜೀಪಿನಲ್ಲಿ ಉದ್ದಕ್ಕೂ ಗೊಣಗುತ್ತ ಬಂದ.

“ಏನು ಅಂತ ಹೇಳ್ದೆ ಕರ್ಕೊಂಡು ಹೋಗ್ತಿದೀರಿ. ನನ್ನ ಹೆಂಡ್ತಿ ಸೀರೆ ಅಂಗಡಿಗೆ ಹೀಗೇ ಕರ್ಕೊಂಡು ಹೋಗೋದು.”

“ಕಣ್ಣಾರೆ ನೋಡಿ. ಆಮೇಲೆ ನಾನು ಒಂದು ಮಾತೂ ಆಡಲ್ಲ.”

“ಇದೊಂದು ಒಳ್ಳೇ ಮಾತು ಹೇಳಿದ್ರಿ ಮೇಡಂ.”

ಗೇಟಿನಲ್ಲಿ ಪೊಲೀಸ್ ಜೀಪನ್ನು ಯಾರೂ ತಡೆಯಲಿಲ್ಲ, ಫೋನನ್ನೂ ಕೇಳಲಿಲ್ಲ. ಪೊನ್ನರಸಿ ಕೆಳಗಿಳಿದಳು. ಕಾಲು ನೆಲಕ್ಕೆ ತಾಗುವ ಮೊದಲೇ ಅವಳಿಗೆ ಗೊತ್ತಾಗಿಹೋಯಿತು.

ಸದ್ದು.

ಗುಡುಗುಡು ಗುಡುಗುಡು ಎಂದು ಇಡೀ ಅಂಗಳ ನಡುಗುತ್ತಿತ್ತು.

ಅವಳು ಓಡಿದಳು. ಸೆರಗು ಕಂಬಿಗೆ ಸಿಕ್ಕಿ ಹಸಿರು ಬಣ್ಣ ಬಳಿದುಕೊಂಡಿತು. ಪಂಪು ಓಡುತ್ತಿತ್ತು. ತೊಟ್ಟಿಯ ಕೆನೆ ಒಡೆದು, ಕಡುನೀಲಿ ನೀರು ಕುದಿಯುವಂತೆ ತಿರುಗುತ್ತಿತ್ತು. ಉಕ್ಕಿನ ದಂಡ ಕಣ್ಣಿಗೆ ಹಿಡಿಯದಷ್ಟು ಜೋರಾಗಿ ಸುತ್ತುತ್ತ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ವಿಭೂತಿ ಇಲ್ಲ. ಗಂಧ ಇಲ್ಲ. ಎಸಳು ಇಲ್ಲ.

“ಬನ್ನಿ ಬನ್ನಿ!” ಸೆನ್ನಿಯಪ್ಪನ್ ಕೈ ಮುಗಿಯುತ್ತ ಎದುರು ಬಂದರು. “ನಾನು ಹೇಳ್ಲಿಲ್ವಾ ಅಮ್ಮಿಣಿ, ದಿನಾ ಓಡುತ್ತೆ ಅಂತ?”

ಇನ್ಸ್‌ಪೆಕ್ಟರ್ ಪಂಪನ್ನು ನೋಡಿದ, ಪೊನ್ನರಸಿಯನ್ನು ನೋಡಿದ. “ಇದನ್ನ ತೋರಿಸೋಕಾ?”

“ಇದು ಓಡ್ತಿರಲಿಲ್ಲ. ತಿಂಗಳುಗಟ್ಟಲೆ ಓಡಿಲ್ಲ. ಇಲ್ಲಿ ಗುರುತಿತ್ತು, ನಾನೇ ನೋಡಿದೆ...”

“ಎಲ್ಲಿ?”

ಅವಳು ಬೆರಳು ತೋರಿಸಿದಳು. ಬೆರಳಿನ ತುದಿಯಲ್ಲಿ ಹೊಳೆಯುವ ಉಕ್ಕು ಬಿಟ್ಟರೆ ಏನಿರಲಿಲ್ಲ. ಮರುದಾಚಲಂ ಉಸ್ಸೆಂದು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. “ಮೇಡಂ, ನನ್ನ ಮಗಳೂ ಬಿ.ಕಾಂ. ಓದ್ತಾಳೆ. ತುಂಬಾ ಓದಿದ್ರೆ ಹೀಗಾಗುತ್ತೆ. ಮನೇಗೆ ಹೋಗಿ ತಣ್ಣಗೆ ಮಜ್ಜಿಗೆ ಕುಡೀರಿ.”

ತಿರುಗಿ ಹೆಜ್ಜೆ ಹಾಕಿದ. ಕಡತಕ್ಕೆ ದಾರ ಬಿದ್ದ ಹಾಗೇ. ವೆಣ್ಣಿಲಾಗೆ ಏನೆಂದು ಹೇಳುವುದು? ಪೊನ್ನರಸಿಗೆ ಅಳು ಬಂತು, ಸಿಟ್ಟು ಬಂತು, ಎರಡನ್ನೂ ನುಂಗಿ ತಲೆ ತಗ್ಗಿಸಿದಳು. ತಗ್ಗಿಸಿದ್ದಕ್ಕೇ ಅದು ಕಂಡಿತು.

ಮೋಟಾರಿನ ಬುಡದಲ್ಲಿ, ಸಿಮೆಂಟು ಕಟ್ಟೆಯ ಮೂಲೆಯಲ್ಲಿ, ಎರಡು ಹೋಳಾದ ನಿಂಬೆಹಣ್ಣು. ಹೋಳುಗಳಿಗೆ ಮೆತ್ತಿದ ಕುಂಕುಮ ಇನ್ನೂ ಒದ್ದೆ. ಪಕ್ಕದಲ್ಲಿ ಕರ್ಪೂರ ಉರಿದ ಕಪ್ಪು ಕಲೆ.

“ಇನ್ಸ್‌ಪೆಕ್ಟರ್! ಇದನ್ನ ನೋಡಿ ಹೋಗಿ.”

ಮರುದಾಚಲಂ ಬೇಸರದಲ್ಲೇ ವಾಪಸು ಬಂದ. ಬಗ್ಗಿದ. ಕಪ್ಪು ಕಲೆಯ ಮೇಲೆ ಬೆರಳಿಟ್ಟು ಮೂಸಿ ನೋಡಿದ. ಕರ್ಪೂರದ ವಾಸನೆ ಇನ್ನೂ ಹಸಿಯಾಗಿತ್ತು. ಅವನ ಮುಖದಿಂದ ತಮಾಷೆ ಮೆಲ್ಲಗೆ ಇಳಿದುಹೋಯಿತು.

“ಇವತ್ತು ಯಾವ ವಾರ?”

“ಬುಧವಾರ,” ಎಂದಳು ಪೊನ್ನರಸಿ.

“ದಿನಾ ಓಡೋ ಯಂತ್ರಕ್ಕೆ ಬುಧವಾರ ಮಟಮಟ ಮಧ್ಯಾಹ್ನ ನಿಂಬೆಹಣ್ಣು ಯಾರಪ್ಪಾ ಕೊಯ್ತಾರೆ?” ಅವನು ಸೆನ್ನಿಯಪ್ಪನ್ ಕಡೆ ತಿರುಗಿದ. “ನಾನೂ ಈ ಊರವನೇ ಕಣ್ರೀ. ನಮ್ಮ ಜೀಪು ಶೆಡ್ಡಲ್ಲಿ ಕೂತು ಕೂತು ಆಚೆ ಬಂದಾಗ ನಾನೂ ಕೊಯ್ದಿದೀನಿ. ಮಲಗಿದ್ದನ್ನ ಎಬ್ಬಿಸುವಾಗ ಕೊಯ್ತಾರೆ. ಇದು ಎಷ್ಟು ದಿನದಿಂದ ಮಲಗಿತ್ತು?”

“ನಮ್ಮಲ್ಲಿ ದಿನಾ ಪೂಜೆ...”

“ನಿಮ್ಮನ್ನಲ್ಲ. ಅವನನ್ನ ಕೇಳ್ತಿದೀನಿ.”

ಸಡೈಯನ್ ಕಂಬದ ಹಿಂದೆ ಸರಿದಿದ್ದ. ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಕುಂಕುಮ.

“ಎರಡು ಹೆಣ್ಣುಮಕ್ಕಳಿದಾರೆ ಸಾಮಿ,” ಎಂದ. “ಅದನ್ನ ಹೆಂಗೆ ಬರೀ ಕೈಲಿ ಎಬ್ಬಿಸ್ಲಿ? ಅದೂ ಹೆಣ ಬಿದ್ದ ಜಾಗ. ಆಯುಧಪೂಜೆ ದಿನ ಮಲಗಿಸಿದ್ದು ಸಾಮಿ, ಕರೆಂಟು ಬಿಲ್ಲು ಜಾಸ್ತಿ ಬರುತ್ತೆ ಅಂತ. ಇವತ್ತೇ ಎಬ್ಬಿ...”

“ಲೇ!” ಸೆನ್ನಿಯಪ್ಪನ್ ಗದರಿದರು.

“ನೀವು ಸುಮ್ನಿರಿ,” ಎಂದ ಮರುದಾಚಲಂ. ದನಿಯಲ್ಲಿದ್ದ ಮರ್ಯಾದೆ ಹೊರಟುಹೋಗಿತ್ತು. “ನಿಲ್ಲಿಸೋ ಅದನ್ನ. ಯಾವನೂ ಇಲ್ಲಿಂದ ಕದಲಬಾರದು. ಓಡದ ಪಂಪು ಮನುಷ್ಯನ್ನ ಹೆಂಗೆ ಕೊಲ್ತು ಅಂತ ಈಗ ಮೊದಲಿಂದ ಕೇಳೋಣ.”

ಸದ್ದು ನಿಂತಿತು. ಕಿವಿಗಳು ಒಮ್ಮೆಲೇ ಖಾಲಿಯಾದವು. ಪೊನ್ನರಸಿಗೆ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮುಳ್ಳು ಇನ್ನೂ ಒಳಗೇ ಇತ್ತು, ಇನ್ನಷ್ಟು ಆಳದಲ್ಲಿ.

“ಸಡೈಯಾ, ಇವತ್ತೇ ಯಾಕೆ ಎಬ್ಬಿಸಿದ್ರಿ?” ಎಂದು ಕೇಳಿದಳು.

“ನೀವು ಹೋದ್ಮೇಲೆ ಮೊದಲಾಳಿ ಊಟಕ್ಕೆ ಕೂತಿದ್ರಮ್ಮಾ. ಫೋನ್ ಬಂತು. ಎಂಜಲು ಕೈಲೇ ಓಡಿ ಬಂದು, ‘ದಂಡದ ಮೇಲಿನ ವಿಭೂತಿ ಒರಸೋ, ಪುರಿ ಗುಡಿಸೋ’ ಅಂದ್ರು. ನಾನು ಒರಸಲ್ಲ ಅಂದೆ. ‘ಹಂಗಾದ್ರೆ ಗುಂಡಿ ಒತ್ತೋ, ತಾನೇ ಹೋಗುತ್ತೆ’ ಅಂದ್ರು.”

ದಂಡದ ಮೇಲಿನ ವಿಭೂತಿ. ಪುರಿ.

ಮೊದಲಾಳಿಗೆ ಅವಳು ಹೇಳಿರಲಿಲ್ಲ. ಇನ್ಸ್‌ಪೆಕ್ಟರಿಗೆ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ. ಬೇವಿನ ಮರದಡಿ ನಿಂತು ಒಬ್ಬರಿಗೆ ಮಾತ್ರ ಹೇಳಿದ್ದಳು. ಹೊಟ್ಟೆಗೇನಾದರೂ ಹಾಕಿಕೊಂಡು ಹೋಗು ಎಂದು ಅವಳನ್ನು ಮೆಸ್ಸಿನಲ್ಲಿ ಕೂರಿಸಿದ್ದರು ಅವರು.

‘ದೊಡ್ಡವರೊಬ್ರು ಬರ್ತಿದಾರೆ. ಇನ್ನು ಭಯ ಇಲ್ಲ.’

ಆದವನ್ ಯಾರನ್ನು ದೊಡ್ಡವರು ಅನ್ನುತ್ತಾನೆ? ತನಗೆ ಸಂಬಳ ಕೊಡುವ, ದಿನಾ ನೋಡುವ ಮೊದಲಾಳಿಯನ್ನೇ? ಅಥವಾ ತಾನು ಬರೆದ ಅಂಕಿಯನ್ನು ಪರಿಶೀಲಿಸಲು ಬರುವ, ಊರೆಲ್ಲ ಕೈಮುಗಿಯುವ ಹಿರಿಯರನ್ನೇ?

ಅವಳು ಅವಿನಾಶಿಯ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಹಚ್ಚಿದಳು. ಆ ಕಡೆ ಗಂಟೆ ಬಾರಿಸುತ್ತಲೇ ಇತ್ತು. ಎತ್ತು. ಪಳನಾತ್ತಾ, ನೀನು ಎತ್ತು.

“ಹೇಳು ಕಣ್ಣು.”

“ಐಯಾ... ಮನೆ ಸೇರಿದ್ರಾ?”

“ಆಗಲೇ ಬಂದೆ. ಪಳನಾತ್ತಾ ಪಾಪ ಬೆಳಗಿನಿಂದ ದುಡಿದಿದ್ದಾಳೆ, ಮಗಳ ಮನೆಗೆ ಹೋಗಿ ಬಾ ಅಂತ ಕಳಿಸಿದೆ.”

“ವೆಣ್ಣಿಲಾ?”

“ಇಲ್ಲೇ, ನನ್ನೆದುರಿಗೇ ಕೂತಿದ್ದಾಳೆ.” ಐಯಾ ಮೆಲ್ಲಗೆ ನಕ್ಕರು. ಲೋಟಕ್ಕೆ ಏನೋ ಸುರಿದ ಸದ್ದಾಯಿತು. “ನಾನು ಬಾಯಿ ಬಿಟ್ಟಾಗಿನಿಂದ ನನ್ನ ಮುಖಾನೇ ನೋಡ್ತಿದ್ದಾಳೆ ಕಣ್ಣು. ನನ್ನ ದನಿ ಎಲ್ಲೋ ಕೇಳಿದ ಹಾಗಿದೆಯಂತೆ.”